ಕೇಳುವ ಮೊದಲೇ ತಂದಿಡುವ ಓದು

ಲಿನಕ್ಸ್ ಕರ್ನೆಲ್‌ನಲ್ಲಿ ಕರ್ನೆಲ್_ರೀಡ್ ಎಂಬ ಪುಟ್ಟ ಫಂಕ್ಷನ್ ಇದೆ. ವೈಫೈ ಚಿಪ್‌ಗೆ ಬೇಕಾದ ಫರ್ಮ್‌ವೇರನ್ನು ಡಿಸ್ಕಿನಿಂದ ತರುವಂಥ ಹೊತ್ತಿನಲ್ಲಿ, ಯಾವ ಪ್ರೋಗ್ರಾಮೂ ಕೇಳದೆ ಕರ್ನೆಲ್ ತನಗಾಗಿಯೇ ಫೈಲ್ ಓದುವುದು ಇದರಿಂದಲೇ.

ಅದರ ಕೆಳಗಿರುವ ಪೇಜ್ ಕ್ಯಾಶ್ ನನಗೆ ಅಚ್ಚುಮೆಚ್ಚು. ಒಮ್ಮೆ ಓದಿದ ಫೈಲು ಸಾಮಾನ್ಯವಾಗಿ 4096 ಬೈಟ್‌ಗಳ ಪುಟಗಳಾಗಿ ಮೆಮೊರಿಯಲ್ಲೇ ಉಳಿಯುತ್ತದೆ. ಮತ್ತೆ ಬೇಕೆಂದಾಗ ಡಿಸ್ಕನ್ನು ಮುಟ್ಟಬೇಕಿಲ್ಲ. ಓದು ಸಾಲಾಗಿ ಸಾಗುತ್ತಿದೆ ಎಂದು ಕಂಡರೆ ಕರ್ನೆಲ್ ಮುಂದಿನ ಪುಟಗಳನ್ನೂ ತರಿಸಿಡುತ್ತದೆ, ಅವುಗಳಲ್ಲೊಂದಕ್ಕೆ ಗುರುತು ಹಾಕುತ್ತದೆ. ಓದು ಆ ಗುರುತನ್ನು ತಲುಪಿತೋ, ಇನ್ನೂ ಪುಟಗಳು ಉಳಿದಿರುವಾಗಲೇ ಅದರಾಚೆಯ ಕಂತಿಗೆ ಬೇಡಿಕೆ ಹೋಗಿರುತ್ತದೆ. ಪಂಕ್ತಿಯಲ್ಲಿ ಎಲೆ ಬರಿದಾಗುವ ಮುನ್ನವೇ ಅನ್ನ ತರುವ ನುರಿತ ಬಡಿಸುವವನ ಕಣ್ಣು ಅದು! ಆ ಗುರುತಿಗೆ ಬೇಕಾದದ್ದು ಒಂದೇ ಒಂದು ಬಿಟ್.

ಹಿಂದೆ ಕರ್ನೆಲ್_ರೀಡ್‌ನಲ್ಲೊಂದು ಒರಟುತನವಿತ್ತು. ಪ್ರೋಗ್ರಾಮುಗಳು ಕೊಡುವ ಮೆಮೊರಿ ವಿಳಾಸ ಅವುಗಳ ಗಡಿಯೊಳಗಿದೆಯೇ ಎಂದು ಕರ್ನೆಲ್ ತಪಾಸಣೆ ಮಾಡುತ್ತದೆ. ತಾನೇ ಓದುವಾಗ ಆ ತಪಾಸಣೆ ಅಡ್ಡಬರುತ್ತಿದ್ದುದರಿಂದ ಸೆಟ್_ಎಫ್‌ಎಸ್ ಎಂಬ ಫಂಕ್ಷನ್ ಕರೆದು ಆ ಗಡಿಯನ್ನೇ ತುಸು ಹೊತ್ತು ಸರಿಸಬೇಕಿತ್ತು. ಮರಳಿಸಲು ಮರೆತರೆ ಕರ್ನೆಲ್‌ನ ಮೆಮೊರಿಯೆಲ್ಲ ಬಯಲು. ಕ್ರಿಸ್ಟೋಫ್ ಹೆಲ್ವಿಗ್ ಮತ್ತಿತರರು ಇದನ್ನು ತಾಳ್ಮೆಯಿಂದ ಬಿಡಿಸಿದರು: 2020ರ 5.10 ಆವೃತ್ತಿಯಲ್ಲಿ ಎಕ್ಸ್86 ಪ್ರೊಸೆಸರುಗಳ ಕೋಡಿನಿಂದ, 2022ರ 5.18ರಲ್ಲಿ ಉಳಿದೆಡೆಯಿಂದಲೂ ಅದು ತೊಲಗಿತು. ಈಗ ಓದಿದ್ದನ್ನು ತುಂಬಿಸುವ ಬಫರ್ ಯಾರದೆಂಬುದನ್ನು ಓದಿನ ಕೋರಿಕೆಯೇ ಹೊತ್ತು ಬರುತ್ತದೆ; ಗಡಿ ಕದಲುವುದೇ ಇಲ್ಲ.