ಸಾಕ್ಷಿ ವಕೀಲನಾದಾಗ

ಸೈನ್ಯಾಧಿಕಾರಿ ಬರೆಯುವ ವರದಿಗೆ ತನ್ನದೇ ಆದ ಒಂದು ರೀತಿಯುಂಟು. ಕಂಡದ್ದು ಇಷ್ಟು, ಕೈಯಲ್ಲಿರುವುದು ಇಷ್ಟು, ಬೇಕಾಗುವುದು ಇಷ್ಟು ಎಂದು ಹೇಳಿ ಅದು ಮುಗಿಯುತ್ತದೆ. ಅದರಲ್ಲಿ ಆಶ್ಚರ್ಯಸೂಚಕ ಚಿಹ್ನೆಗೆ ಎಡೆಯಿಲ್ಲ. ಅಮೆರಿಕದ ಜನರಲ್ ಆಲ್ಬರ್ಟ್ ವೆಡೆಮಯರ್ ಅವರು 1958ರಲ್ಲಿ ಪ್ರಕಟಿಸಿದ ಯುದ್ಧಸ್ಮೃತಿಗಾದರೋ ‘ವೆಡೆಮಯರ್ ರಿಪೋರ್ಟ್ಸ್!’ ಎಂದು ಹೆಸರು. ಎರಡು ಪದಗಳು ಸೈನಿಕನವು, ಕೊನೆಯ ಚಿಹ್ನೆ ಮಾತ್ರ ರಾಜಕಾರಣಿಯದು. ಈ ದೊಡ್ಡ ಗ್ರಂಥದ ಗುಣದೋಷಗಳೆರಡೂ ಈ ಹೆಸರಿನಲ್ಲಿಯೇ ಇವೆಯೆಂದು ನನಗೆ ತೋರುತ್ತದೆ.

ಗ್ರಂಥಕರ್ತರು ಸಾಮಾನ್ಯ ಸಾಕ್ಷಿಯಲ್ಲ. 1919ರಲ್ಲಿ ವೆಸ್ಟ್ ಪಾಯಿಂಟಿನಿಂದ ಹೊರಬಂದ ಇವರು 1936ರಿಂದ 1938ರವರೆಗೆ ಬರ್ಲಿನ್ನಿನ ಯುದ್ಧ ವಿದ್ಯಾಲಯದಲ್ಲಿ ಓದಿದರು. ಮುಂದೆ 1944ರಲ್ಲಿ ಹಿಟ್ಲರನ ಕೊಠಡಿಯಲ್ಲಿ ಬಾಂಬಿಟ್ಟ ಸ್ಟೌಫೆನ್‌ಬರ್ಗ್ ಅಲ್ಲಿ ಇವರ ಸಹಪಾಠಿ. ನಾಳೆ ಶತ್ರುಗಳಾಗಲಿರುವವರ ಪಕ್ಕದಲ್ಲಿ ಕುಳಿತು ಅವರ ಯುದ್ಧವಿದ್ಯೆಯನ್ನೇ ಕಲಿತ ಅನುಭವ ಎಷ್ಟು ಮಂದಿ ಲೇಖಕರಿಗೆ ದೊರೆತೀತು? ಆ ಪುಟಗಳಲ್ಲಿ ಕಣ್ಣು ಕೆಲಸಮಾಡುತ್ತದೆ, ವಾದ ಸುಮ್ಮನಿರುತ್ತದೆ.

1941ರ ಬೇಸಗೆಯಲ್ಲಿ, ಮೇಜರ್ ಆಗಿದ್ದ ಇವರಿಗೆ ಮಹಾಯುದ್ಧಕ್ಕೆ ಎಷ್ಟು ಜನ ಬೇಕಾದೀತೆಂದು ಲೆಕ್ಕಹಾಕುವ ಕೆಲಸ ಬಂತು. ಸುಮಾರು 88 ಲಕ್ಷ ಮಂದಿ, 215 ಡಿವಿಜನ್ನುಗಳು ಎಂದು ಎಣಿಸಿದರು. ಡಿಸೆಂಬರ್ 4ರಂದು ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಈ ರಹಸ್ಯವೆಲ್ಲ ಅಚ್ಚಾಗಿಬಿಟ್ಟಿತು. ಹೆಸರು ಜರ್ಮನ್, ವ್ಯಾಸಂಗ ಜರ್ಮನಿಯಲ್ಲಿ; ಸಂಶಯ ಇವರ ಕಡೆಗೆ ತಿರುಗಿದುದರಲ್ಲಿ ಸೋಜಿಗವೇನು? ವಿಚಾರಣೆ ನಡೆದು ನಿರ್ದೋಷಿಯೆನಿಸಿಕೊಂಡರು. ಈ ಭಾಗವನ್ನು ಓದುವಾಗ ಪುಸ್ತಕವನ್ನು ಕೆಳಗಿಡುವ ಮನಸ್ಸಾಗುವುದಿಲ್ಲ.

ಆದರೆ ಲೆಕ್ಕದ ವಿಷಯದಲ್ಲಿ ಎಚ್ಚರಿಕೆ ಬೇಕು. ಅಮೆರಿಕ ಕಡೆಗೆ ಕಟ್ಟಿದ್ದು ಸುಮಾರು 90 ಡಿವಿಜನ್ನುಗಳನ್ನು ಮಾತ್ರ. ಚರಿತ್ರಕಾರ ಜಿಮ್ ಲೇಸಿ 2011ರ ತಮ್ಮ ಗ್ರಂಥದಲ್ಲಿ, ಈ ಯೋಜನೆಯ ಕೀರ್ತಿ ಅತಿಯಾಗಿ ಬೆಳೆದದ್ದೆಂದೂ, ನಿಜವಾದ ಗಣಿತ ನಡೆಸಿದವರು ಕುಜ್ನೆಟ್ಸ್, ನೇಥನ್, ಸ್ಟೇಸಿ ಮೇ ಮೊದಲಾದ ಅರ್ಥಶಾಸ್ತ್ರಜ್ಞರೆಂದೂ ವಾದಿಸಿದ್ದಾರೆ. ಆತ್ಮಕಥನದಲ್ಲಿ ಇತರರ ಪಾಲು ಕುಗ್ಗುವುದು ಹೊಸದೇನೂ ಅಲ್ಲ ಬಿಡಿ.

1943ರಲ್ಲಿ ಮೌಂಟ್‌ಬ್ಯಾಟನ್ನರ ಕೈಕೆಳಗೆ ದೆಹಲಿಗೆ, ಅಲ್ಲಿಂದ ಕ್ಯಾಂಡಿಗೆ, 1944ರ ಅಕ್ಟೋಬರಿನಲ್ಲಿ ಸ್ಟಿಲ್ವೆಲ್ಲರ ಸ್ಥಾನಕ್ಕೆ ಚೀನಕ್ಕೆ ಬಂದರು. ನನಗೆ ಗ್ರಂಥದ ಮರ್ಮವೆಂದು ಕಾಣುವುದು ಇದೇ ಚೀನದ ಕಥೆ.

1947ರಲ್ಲಿ ಅಧ್ಯಕ್ಷ ಟ್ರೂಮನ್ ಇವರನ್ನು ಸ್ಥಿತಿಗತಿ ನೋಡಿಬರಲು ಮತ್ತೆ ಅಲ್ಲಿಗೆ ಕಳುಹಿಸಿದರು. ಆಗಸ್ಟ್ 22ರಂದು ಚಿಯಾಂಗ್ ಕೈ ಷೇಕರ ಮಂತ್ರಿಗಳ ಮುಂದೆಯೇ ನಿಂತು, ಲಂಚಗುಳಿತನವನ್ನೂ ಅಸಾಮರ್ಥ್ಯವನ್ನೂ ಎತ್ತಿ ಆಡಿದರು. ಬರಿಯ ಸೈನ್ಯಬಲದಿಂದ ಕಮ್ಯೂನಿಸ್ಟರನ್ನು ಗೆಲ್ಲಲಾಗದೆಂದರು. ಸೆಪ್ಟೆಂಬರಿನಲ್ಲಿ ಕೊಟ್ಟ ವರದಿಯಲ್ಲಿ ಚಿಯಾಂಗರಿಗೆ ನೆರವನ್ನೂ ಕೇಳಿದರು, ಸುಧಾರಣೆಯನ್ನೂ ಕೇಳಿದರು. ಕಾರ್ಯದರ್ಶಿ ಮಾರ್ಷಲ್ ಅದನ್ನು ಅದುಮಿಟ್ಟರು. 1949ರವರೆಗೂ ಅದು ಬೆಳಕು ಕಾಣಲಿಲ್ಲ. ಅಷ್ಟರಲ್ಲಿ ಚಿಯಾಂಗರ ಕೈಯಿಂದ ಚೀನ ಜಾರುತ್ತಿತ್ತು. ವೆಡೆಮಯರರ ಅಳಲು ನ್ಯಾಯವಾದದ್ದೆಂಬುದನ್ನು ಒಪ್ಪದಿರಲಾಗದು.

ಆ ಅಳಲೇ ಮುಂದೆ ಪಕ್ಷವಾಯಿತು. 1951ರಲ್ಲಿ ನಿವೃತ್ತರಾದವರು, ಮರುವರ್ಷ ರಿಪಬ್ಲಿಕನ್ ಸಂಪ್ರದಾಯವಾದಿಗಳ ನಾಯಕ ಸೆನೆಟರ್ ಟ್ಯಾಫ್ಟರ ಪರವಾಗಿ ದುಡಿದರು. ಎದುರಾಳಿ ಯಾರು? ಯುದ್ಧಕಾಲದ ಯೋಜನಾ ಶಾಖೆಯಲ್ಲಿ ಇವರೊಡನೆ ಕೆಲಸಮಾಡಿದ್ದ ಐಸೆನ್‌ಹೋವರ್! (ಇಲ್ಲಿ ಆ ಚಿಹ್ನೆ ನನ್ನದು, ವಾಚಕರು ಕ್ಷಮಿಸಬೇಕು.) ಟ್ಯಾಫ್ಟ್ ಸೋತರು.

ಆರು ವರ್ಷಗಳ ಬಳಿಕ ಬಂದ ಗ್ರಂಥದಲ್ಲಿ ಚೀನದ ದೋಷದ ಭಾರವೆಲ್ಲ ವಾಷಿಂಗ್ಟನ್ನಿನ ಕಡೆಗೆ ವಾಲುತ್ತದೆ. ಯುದ್ಧ ಗೆದ್ದೆವು, ಶಾಂತಿ ಸೋತೆವು ಎಂಬುದು ಇವರ ವಾದದ ಸಾರ. ಬೇಷರತ್ತಾದ ಶರಣಾಗತಿಯನ್ನು ಕೇಳಿದ ರೂಸ್‌ವೆಲ್ಟ್ ತಪ್ಪಿದರು, ಮೆಡಿಟರೇನಿಯನ್ ಕಡೆಗೆ ಸೈನ್ಯವನ್ನೆಳೆದು 1943ರಲ್ಲೇ ಫ್ರಾನ್ಸಿಗೆ ಇಳಿಯದಂತೆ ಮಾಡಿದ ಚರ್ಚಿಲ್ ತಪ್ಪಿದರು, ಲಾಭ ಸ್ಟಾಲಿನನಿಗಾಯಿತು. ಇದರಲ್ಲಿ ತಿರುಳಿಲ್ಲವೆಂದಲ್ಲ. ಆದರೆ ಕಣ್ಣಿಗೆ ಕಂಡ ಡಿವಿಜನ್ನುಗಳನ್ನು ಎಣಿಸಿದಷ್ಟೇ ಧೈರ್ಯದಿಂದ, ನಡೆಯದೇ ಹೋದ ಘಟನೆಗಳನ್ನೂ ಇವರು ಎಣಿಸುತ್ತಾರೆ. 1943ರಲ್ಲಿ ಇಳಿದಿದ್ದರೆ ಸಾಯುತ್ತಿದ್ದವರ ಲೆಕ್ಕ ಎಲ್ಲಿ ಸಿಕ್ಕೀತು?

ನನ್ನ ಆಕ್ಷೇಪ ರಾಜಕೀಯದ್ದಲ್ಲ. ಮಾಜಿ ಸೇನಾನಿಗೂ ಮತವಿರಬಹುದು. ಸ್ವಂತ ಮಿತ್ರರ ಮುಖದೆದುರು ಕಹಿಸತ್ಯವನ್ನಾಡಿದ 1947ರ ವೆಡೆಮಯರರಿಗೆ 1958ರ ವೆಡೆಮಯರರು ಅನ್ಯಾಯ ಮಾಡಿದ್ದಾರೆಂಬುದೇ ನನ್ನ ದೂರು. 1985ರಲ್ಲಿ ಅಧ್ಯಕ್ಷ ರೇಗನ್ ಇವರಿಗೆ ರಾಷ್ಟ್ರದ ಸ್ವಾತಂತ್ರ್ಯ ಪದಕವನ್ನಿತ್ತರು, 1989ರಲ್ಲಿ ತೀರಿಕೊಂಡರು. ಗ್ರಂಥ ಕೈಗೆ ಸಿಕ್ಕಿದವರು ಬರ್ಲಿನ್ನಿನ ಅಧ್ಯಾಯಗಳನ್ನು ನಿಧಾನವಾಗಿ ಓದಲಿ. ಚೀನದ ಅಧ್ಯಾಯಗಳಿಗೆ ಬರುವ ಮೊದಲು, ಅಮೆರಿಕದ ವಿದೇಶಾಂಗ ಇಲಾಖೆ 1949ರ ಆಗಸ್ಟಿನಲ್ಲಿ ಹೊರಡಿಸಿದ ಶ್ವೇತಪತ್ರವನ್ನು ತರಿಸಿಕೊಳ್ಳಲಿ. 1947ರ ವರದಿ ಅದರ ಅನುಬಂಧದಲ್ಲಿದೆ.