ಹಸಿರು ಬಣ್ಣದ ಕೆಳಗಿನ ಬಣ್ಣಗಳು

ಹಳೆಯ ಮಿಲಿಟರಿ ಜೀಪೊಂದನ್ನು ಕೊಂಡು, ಬಿಚ್ಚಿ, ತುಕ್ಕು ಕೆರೆದು, ಹುಟ್ಟಿದಾಗ ಹೇಗಿತ್ತೋ ಹಾಗೆ ನಿಲ್ಲಿಸಲು ಹೊರಟವರಿಗೆ ನಮ್ಮ ದೇಶದಲ್ಲಿ ಎರಡು ನಿಯಮಗಳು ಎದುರಾಗುತ್ತವೆ. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 121ನೆಯ ನಿಯಮದಂತೆ, ರಕ್ಷಣಾ ಇಲಾಖೆಯ ವಾಹನಗಳ ಹೊರತು ಬೇರಾವುದಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ. 2021ರಲ್ಲಿ ಜಾರಿಗೆ ಬಂದ ವಿಂಟೇಜ್ ವಾಹನಗಳ ನಿಯಮವೋ, ಗಾಡಿ ಮೂಲ ರೂಪದಲ್ಲೇ ಇರಬೇಕು, ಅದರ ಚಾಸಿಸ್, ಬಾಡಿ, ಎಂಜಿನ್ ಮಾರ್ಪಟ್ಟಿರಬಾರದು ಎನ್ನುತ್ತದೆ. ಒಂದು ನಿಯಮಕ್ಕೆ ಮೂಲ ಬೇಕು, ಇನ್ನೊಂದಕ್ಕೆ ಮೂಲದ ಬಣ್ಣ ಬೇಡ. ಹವ್ಯಾಸಿಗಳು ಈ ತೊಡಕಿನ ಬಗ್ಗೆ ಗೊಣಗುತ್ತಾರೆ, ಮರಳು ಬಣ್ಣವನ್ನೋ ಬೂದು ಬಣ್ಣವನ್ನೋ ಬಳಿದು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ತಾವೇ ಒಪ್ಪಿಕೊಂಡು ಬಂದಿರುವ ಇನ್ನೊಂದು ತೊಡಕಿನ ಬಗ್ಗೆ ಅವರು ಅಷ್ಟಾಗಿ ಮಾತಾಡುವುದಿಲ್ಲ. ಎಂಬತ್ತು ವರ್ಷ ಬಾಳಿದ ಗಾಡಿಯನ್ನು ಅದರ ಯಾವ ವರ್ಷಕ್ಕೆ ಮರಳಿಸಬೇಕು? ಆ ವರ್ಷವನ್ನು ಆರಿಸುವವರು ಯಾರು?

ಮೊದಲು ಈ ಹವ್ಯಾಸದ ಹೆಚ್ಚುಗಾರಿಕೆಯನ್ನು ಒಪ್ಪಿಕೊಳ್ಳಬೇಕು. ಅದು ಇರುವುದು ಶೋಧನೆಯಲ್ಲಿ. 1941ರಿಂದ 1945ರವರೆಗೆ ಅಮೆರಿಕದಲ್ಲಿ ವಿಲ್ಲೀಸ್ ಎಂಬಿ ಮತ್ತು ಫೋರ್ಡ್ ಜಿಪಿಡಬ್ಲ್ಯು ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾದವು. ಎರಡಕ್ಕೂ ಒಂದೇ ನಕ್ಷೆ, ಅದೇ 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್, ಅದೇ 6 ವೋಲ್ಟಿನ ಬ್ಯಾಟರಿ. ಮೇಲ್ನೋಟಕ್ಕೆ ಅವಳಿ ಮಕ್ಕಳಂತಿದ್ದ ಇವನ್ನು ಬಲ್ಲವರು ನೆಲಕ್ಕೆ ಬಗ್ಗಿ ನೋಡಿ ಬೇರ್ಪಡಿಸುತ್ತಾರೆ. ರೇಡಿಯೇಟರಿನ ಕೆಳಗಿನ ಅಡ್ಡಪಟ್ಟಿ ದುಂಡು ಕೊಳವೆಯಾದರೆ ವಿಲ್ಲೀಸ್. ತಲೆಕೆಳಗಾದ ಯು ಆಕಾರದ್ದಾದರೆ ಫೋರ್ಡ್. ಫೋರ್ಡಿನವರು ಬೋಲ್ಟುಗಳ ತಲೆಯ ಮೇಲೂ ಎಫ್ ಅಕ್ಷರ ಒತ್ತುತ್ತಿದ್ದರು. ಬಾನೆಟ್ಟಿನ ಬಣ್ಣವನ್ನು ನೀರು ಹಚ್ಚಿದ ಮರಳು ಕಾಗದದಿಂದ ಪದರ ಪದರವಾಗಿ ಉಜ್ಜುತ್ತಾ ಹೋದರೆ, ಅಡಿಯಲ್ಲೆಲ್ಲೋ ಹಳೆಯ ಸೇನಾ ಸಂಖ್ಯೆಯ ನೆರಳು ಕಾಣಿಸುತ್ತದೆ. ಭಾರತೀಯ ಸೇನೆಯ ಗಾಡಿಯಾದರೆ ಫಲಕದಲ್ಲಿ ಮೇಲ್ಮುಖದ ಬಾಣ, ಅದರ ಪಕ್ಕ ಗಾಡಿ ಸೇನೆಗೆ ಸೇರಿದ ವರ್ಷದ ಎರಡು ಅಂಕೆ. ವಿಶ್ವವಿದ್ಯಾಲಯದ ಪದವಿ ಇಲ್ಲದ ಎಷ್ಟೋ ಮಂದಿ ಶಾಸನ ಓದುವವರ ಎಚ್ಚರದಿಂದ ಈ ಕೆಲಸ ಮಾಡುತ್ತಾರೆ.

ಈ ಎಚ್ಚರಕ್ಕೆ ಕಾರಣವೂ ಇದೆ. ನಮ್ಮಲ್ಲಿ ಮಾರಾಟಕ್ಕಿರುವ ಜೀಪಿಗೆಲ್ಲ 'ಮಿಲಿಟರಿ ಹರಾಜಿನ ಗಾಡಿ' ಎಂಬ ಬಿರುದು ತಾನಾಗಿಯೇ ಅಂಟಿಕೊಳ್ಳುತ್ತದೆ. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿದರು. ಆಮೇಲೆ ಬಂದ ಸಿಜೆ3ಬಿ, ಅಂದರೆ ನಮ್ಮವರು 'ಹೈ ಬಾನೆಟ್' ಎನ್ನುವ ಗಾಡಿ, ಸೇನೆಗೂ ಹೋಯಿತು, ತಹಸೀಲ್ದಾರರ ಕಚೇರಿಗೂ ಹೋಯಿತು, ಗುತ್ತಿಗೆದಾರನ ಅಂಗಳಕ್ಕೂ ಹೋಯಿತು. ಹರಿಯಾಣದ ಮಂಡಿ ದಬ್ವಾಲಿಯಂಥ ಊರುಗಳಲ್ಲಿ ಹೊಸ ತಗಡಿನಿಂದಲೇ ಹಳೆಯ ನಮೂನೆಯ ಜೀಪನ್ನು ಕಟ್ಟಿಕೊಡುತ್ತಾರೆ. ಆದ್ದರಿಂದ ಯಾವುದು ನಿಜಕ್ಕೂ ಸೇನೆಯಲ್ಲಿ ದುಡಿದದ್ದು, ಯಾವುದು ಬಣ್ಣದ ವೇಷ ಎಂದು ಬಗೆಹರಿಸುವವನು ಚರಿತ್ರೆಗೆ ಉಪಕಾರವನ್ನೇ ಮಾಡುತ್ತಿದ್ದಾನೆ.

ನನ್ನ ತಕರಾರು ಇರುವುದು ಆ ಶೋಧನೆ ನಿಲ್ಲುವ ಜಾಗದ ಬಗ್ಗೆ. ಜೀಪಿನ ಯುದ್ಧದ ನಾಲ್ಕು ವರ್ಷಕ್ಕೆ ಎಷ್ಟು ದಾಖಲೆ, ಎಷ್ಟು ವಾದ! ಅದಾದ ಮೇಲಿನ ಅರವತ್ತು ಎಪ್ಪತ್ತು ವರ್ಷಗಳು ಈ ಹವ್ಯಾಸದ ಕಣ್ಣಿಗೆ ಬರಿ ತುಕ್ಕು. ವಿಂಟೇಜ್ ಪ್ರದರ್ಶನಗಳು ನಡೆಯುವುದು ಬೆಂಗಳೂರು, ಮುಂಬೈ, ದಿಲ್ಲಿ, ಕೋಲ್ಕತ್ತಗಳಲ್ಲಿ. ಆದರೆ ಇಂಥ ಗಾಡಿಗಳ ದುಡಿಮೆಯ ಬದುಕು ಕಳೆದದ್ದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕುಗಳಲ್ಲಿ. ಎರಿ ಭೂಮಿಯಲ್ಲಿ ಒಂದು ದೊಡ್ಡ ಮಳೆ ಬಿದ್ದರೆ ಚಕ್ಕಡಿಯ ಗಾಲಿಯೂ ಹೂತುಹೋಗುವ ಸೀಮೆ ಇದು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಸಿಗುವ ಗಾಡಿ ಇಲ್ಲಿ ಷೋಕಿಯಾಗಿರಲಿಲ್ಲ. ಲಿಂಬೆಯ ಚೀಲ, ಬಿತ್ತನೆ ಬೀಜ, ಬಾಣಂತಿ, ಚುನಾವಣೆಯ ಧ್ವನಿವರ್ಧಕ, ಮದುಮಗನ ಮೆರವಣಿಗೆ, ಎಲ್ಲವನ್ನೂ ಅದು ಹೊತ್ತಿತು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಕೃಷ್ಣೆಯ ದಂಡೆಯಲ್ಲಿ ಭೂಮಿ ಅಳೆಯುವ, ಕಾಲುವೆ ಗುರುತಿಸುವ, ಊರು ಎಬ್ಬಿಸುವ ಕೆಲಸಗಳು ದಶಕಗಳ ಕಾಲ ನಡೆದವು. ಆ ಕಾಲದ ಹಳ್ಳಿಗರಿಗೆ ಸರ್ಕಾರ ಎಂಬುದು ಜೀಪಿನಲ್ಲಿ ಬಂದಿಳಿಯುವ ವಸ್ತುವಾಗಿತ್ತು.

ಈ ಬದುಕಿನ ಅತಿ ದೊಡ್ಡ ಗುರುತು ಬಾನೆಟ್ಟಿನ ಕೆಳಗಿದೆ. ಪೆಟ್ರೋಲಿನ ಬೆಲೆ ಏರಿದಂತೆ ನಮ್ಮ ಮಿಸ್ತ್ರಿಗಳು ಹಳೆಯ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸಿದರು. ಎಂಜಿನ್ ಕೂರಿಸುವ ಬುಡಗಳನ್ನು ಸ್ಥಳದಲ್ಲೇ ಬೆಸುಗೆ ಹಾಕಿದರು, ಗೇರ್‌ಬಾಕ್ಸಿಗೂ ಎಂಜಿನ್ನಿಗೂ ಹೊಂದುವ ತಟ್ಟೆಯನ್ನು ಲೇಥಿನಲ್ಲಿ ಕಡೆಸಿದರು, ಎಡಗಡೆಯ ಸ್ಟೀರಿಂಗನ್ನು ಬಲಕ್ಕೆ ತಂದರು. ನಕ್ಷೆಯಿಲ್ಲದೆ, ಕಣ್ಣಳತೆಯಲ್ಲಿ ನಡೆದ ಈ ಕೆಲಸ ನಮ್ಮ ಗ್ಯಾರೇಜುಗಳ ಜಾಣ್ಮೆಯ ಚರಿತ್ರೆ. 2021ರ ನಿಯಮದ ಪ್ರಕಾರ ಇದೇ ಅನರ್ಹತೆ. ಹವ್ಯಾಸಿಯ ಪಾಲಿಗೆ ಇದು ಮೊದಲು ಕಿತ್ತೆಸೆಯಬೇಕಾದ ಅಪಚಾರ. ದೂರದ ಪಟ್ಟಣದಿಂದ ಪೆಟ್ರೋಲ್ ಎಂಜಿನ್ ತರಿಸಿ ಕೂರಿಸಿದಾಗ ಗಾಡಿ 1944ಕ್ಕೆ ಹೋಗುತ್ತದೆ. ಅದರ ಜೊತೆಗೆ ಸಿಂದಗಿಯ ನಲವತ್ತು ವರ್ಷ ಗುಜರಿಗೆ ಹೋಗುತ್ತದೆ.

ಹಾಗಾದರೆ ಕೆಡದಂತೆ ಕಾಪಾಡುವ ಬೇರೆ ಬಗೆ ಇದೆಯೇ? ಇದೆ, ಅದೂ ಈ ನಾಲ್ಕು ತಾಲ್ಲೂಕುಗಳ ಜಿಲ್ಲಾ ಕೇಂದ್ರದಲ್ಲೇ. ವಿಜಯಪುರದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಅದು ಪರಾಂಡಾ ಕೋಟೆಯಲ್ಲಿತ್ತು. 1632ರಲ್ಲಿ ಬಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ, ಬಂತು. 1565ರ ಜನವರಿಯಲ್ಲಿ ವಿಜಯನಗರದ ವಿರುದ್ಧ ನಡೆದ ರಕ್ಕಸಗಿ-ತಂಗಡಗಿ ಕದನದಲ್ಲಿ ಅದೂ ಗರ್ಜಿಸಿತ್ತೆಂಬ ಪ್ರತೀತಿಯಿದೆ. ಮುದ್ದೇಬಿಹಾಳ ಸೀಮೆಯ ಆ ಬಯಲಿನಲ್ಲಿ ಅಹ್ಮದ್‌ನಗರದ ನಿಜಾಮಶಾಹಿಯ ತೋಪಿನ ಬಂಡಿಗಳನ್ನು ಸರಪಳಿಯಿಂದ ಒಂದಕ್ಕೊಂದು ಬಿಗಿದು ಸಾಲಾಗಿ ನಿಲ್ಲಿಸಿದ್ದರೆಂದು ಚರಿತ್ರೆಕಾರ ಫೆರಿಷ್ತಾ ಬರೆದಿದ್ದಾನೆ. ಈ ನೆಲ ಕಂಡ ಮಿಲಿಟರಿ ಗಾಡಿಗಳ ಪಟ್ಟಿ ಜೀಪಿನಿಂದ ಶುರುವಾಗುವುದಿಲ್ಲ.

ತೋಪಿನ ಮೈಮೇಲೆ ನಿಜಾಮಶಾಹಿಯ ಶಾಸನವಿದೆ. ಬಿಜಾಪುರವನ್ನು ಗೆದ್ದ ಔರಂಗಜೇಬ್ ಅದರ ಮೇಲೆಯೇ ತನ್ನ ವಿಜಯದ ಶಾಸನವನ್ನೂ ಕೊರೆಸಿದ. ಮೂಲ ರೂಪಕ್ಕೆ ತರುತ್ತೇವೆಂದು ಈ ಎರಡನೆಯ ಬರಹವನ್ನು ಅರದಿಂದ ಉಜ್ಜಿ ತೆಗೆಯಬೇಕೆಂದು ಯಾವ ಪುರಾತತ್ತ್ವಜ್ಞನೂ ಹೇಳುವುದಿಲ್ಲ. ಗೆದ್ದವನ ಗರ್ವವೂ ಆ ವಸ್ತುವಿನ ಚರಿತ್ರೆಯೇ. ಈ ಆನೆಗಾತ್ರದ ತೋಪಿಗೂ ಒಮ್ಮೆ ಗುಜರಿಯ ಗಂಡಾಂತರ ಬಂದಿತ್ತು. 1854ರಲ್ಲಿ ಬ್ರಿಟಿಷ್ ಆಡಳಿತ ಬಿಜಾಪುರದ ಕೆಲಸಕ್ಕೆ ಬಾರದ ಸಾಮಾನುಗಳೊಂದಿಗೆ ಅದನ್ನೂ ಹರಾಜಿಗಿಟ್ಟಿತು. ಅತಿ ಹೆಚ್ಚಿನ ಕೂಗು 150 ರೂಪಾಯಿ. ಬೆಲೆ ತೀರ ಕಡಿಮೆಯಾಯಿತೆಂದೂ ಜನ ಅದನ್ನು ಪೂಜ್ಯ ಭಾವದಿಂದ ಕಾಣುತ್ತಾರೆಂದೂ ವರದಿ ಹೋದ ಮೇಲೆ ಹರಾಜು ರದ್ದಾಯಿತು. ತೋಪನ್ನು ಉಳಿಸಿದ್ದು ಅದರ 1549ರ ಪರಿಶುದ್ಧತೆಯಲ್ಲ. ಆಮೇಲಿನ ಶತಮಾನಗಳಲ್ಲಿ ಊರಿನವರೊಂದಿಗೆ ಬೆಳೆದ ನಂಟು. ಜೀಪಿನ ವಿಷಯದಲ್ಲಿ ನಾವು ಅಳಿಸುತ್ತಿರುವುದು ಈ ನಂಟನ್ನೇ.

ಹೊರದೇಶಗಳ ಹವ್ಯಾಸಿಗಳು ಈ ಪ್ರಶ್ನೆಯನ್ನು ಸ್ವಲ್ಪ ಮಟ್ಟಿಗೆ ಎದುರಿಸಿದ್ದಾರೆ. 1976ರಲ್ಲಿ ಆರಂಭವಾದ ಅಮೆರಿಕದ ಮಿಲಿಟರಿ ವೆಹಿಕಲ್ ಪ್ರಿಸರ್ವೇಷನ್ ಅಸೋಸಿಯೇಷನ್ ತನ್ನ ಸ್ಪರ್ಧೆಗಳಲ್ಲಿ ಕಾರ್ಖಾನೆಯಿಂದ ಬಂದ ಹಾಗಿರುವ ಗಾಡಿಗಳಿಗೆ ಒಂದು ವರ್ಗ, ಸೇನೆಯ ವರ್ಕ್‌ಷಾಪಿನಲ್ಲಿ ರಿಪೇರಿಯಾಗುತ್ತ ಓಡಿದ ಗಾಡಿಗಳಿಗೆ 'ಮೋಟಾರ್ ಪೂಲ್' ಎಂಬ ಇನ್ನೊಂದು ವರ್ಗ ಇಟ್ಟಿದೆ. ಅಂದರೆ ಸೈನಿಕ ಮೆಕ್ಯಾನಿಕನ ಕೈಗುರುತಿಗೆ ಅಲ್ಲಿ ಬೆಲೆಯಿದೆ. ಈ ಔದಾರ್ಯ ಸೇನೆಯ ಗೇಟಿನ ಬಳಿ ನಿಂತುಬಿಡುತ್ತದೆ. ನಮ್ಮ ದೇಶದಲ್ಲಿ ಗಾಡಿಯ ಹೆಚ್ಚಿನ ಆಯುಷ್ಯ ಕಳೆದದ್ದು ಆ ಗೇಟಿನಾಚೆ, ಆದ್ದರಿಂದ ಅವರ ಅಳತೆಗೋಲನ್ನು ಹಾಗೇ ತಂದುಕೊಂಡರೆ ಸಾಲದು.

ಇನ್ನು ಪ್ರದರ್ಶನದ ಮಾತು. ಇಂಡಿಯವರಿಗೆ ಸೊಲ್ಲಾಪುರ ದಾಟಿ ಹೋದರೆ ಅಹ್ಮದ್‌ನಗರ, ಈಗಿನ ಅಹಿಲ್ಯಾನಗರ, ಸಿಗುತ್ತದೆ. ಮಲಿಕ್-ಎ-ಮೈದಾನ್ ಹುಟ್ಟಿದ ಅದೇ ಊರಿನಲ್ಲಿ 1994ರಿಂದ ಸೇನೆಯ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ ಇದೆ. ರೋಲ್ಸ್ ರಾಯ್ಸ್ ಕವಚ ಕಾರಿನಿಂದ ಹಿಡಿದು ಪಾಕಿಸ್ತಾನದಿಂದ ವಶಪಡಿಸಿಕೊಂಡ ಪ್ಯಾಟನ್ ಟ್ಯಾಂಕಿನವರೆಗೆ ಅಲ್ಲಿವೆ. ಕಾರವಾರದ ಕಡಲ ದಂಡೆಯಲ್ಲಿ ಐಎನ್‌ಎಸ್ ಚಪಲ್ ಕ್ಷಿಪಣಿ ನೌಕೆ 2006ರಿಂದ ನಿಂತಿದೆ. ಇವು ಸಂಸ್ಥೆಗಳ ಕೆಲಸ, ಗಟ್ಟಿ ಕೆಲಸ. ಆದರೆ ಕಟ್ಟೆಯ ಮೇಲೆ ಏರಿಸಿದ ಟ್ಯಾಂಕು ಹಾರ ಹಾಕಿಸಿಕೊಳ್ಳುತ್ತದೆ, ತಾನು ಹೇಗೆ ಓಡುತ್ತಿದ್ದೆ ಎಂದು ಹೇಳುವುದಿಲ್ಲ. ಖಾಸಗಿ ಹವ್ಯಾಸಿಯ ಗಾಡಿ ಓಡುತ್ತದೆ, ಹೊಗೆ ಬಿಡುತ್ತದೆ, ಗೇರು ಬೀಳದೆ ಸತಾಯಿಸುತ್ತದೆ. ನೋಡಿದವರಿಗೆ ಯುದ್ಧದ ಚಾಲಕನ ಬೆನ್ನುನೋವಾದರೂ ಅರ್ಥವಾಗುತ್ತದೆ.

ಈ ಅನುಕೂಲವನ್ನು ಹವ್ಯಾಸಿಗಳು ಹಾಳುಮಾಡಿಕೊಳ್ಳುವುದು ಮರದ ಮೆಷಿನ್‌ಗನ್, ಬಾಡಿಗೆ ಹೆಲ್ಮೆಟ್, ದೊಡ್ಡ ಧ್ವಜಗಳ ಜಾತ್ರೆಯಲ್ಲಿ. ಗಾಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡ ಹುಡುಗ ಒಂದು ಸಂಗತಿಯನ್ನೂ ಕಲಿಯದೆ ಮನೆಗೆ ಹೋಗುತ್ತಾನೆ. ಹೇಳಲು ಸಂಗತಿಗಳಿಲ್ಲವೆಂದಲ್ಲ. 1948ರ ನವೆಂಬರ್ 1ರಂದು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ಕಾಶ್ಮೀರ ಯುದ್ಧದಲ್ಲಿ 11,500 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಏಳನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ನುಗ್ಗಿಸಿದರು. ಶತ್ರುವಿಗೆ ಸುಳಿವು ಸಿಗದಿರಲೆಂದು ಟ್ಯಾಂಕುಗಳ ಗೋಪುರಗಳನ್ನು ಬಿಚ್ಚಿ ಸಾಗಿಸಿದ್ದರು. ಮೊದಲ ಸಾಲಿನ ಟ್ಯಾಂಕಿನಲ್ಲಿ ಸ್ವತಃ ಜನರಲ್ ಇದ್ದರು. ಅಲ್ಲಿ ಗೆದ್ದದ್ದು ಧೈರ್ಯದ ಜೊತೆಗೆ ರಸ್ತೆ ಕಡಿದ ಇಂಜಿನಿಯರುಗಳು, ಬಿಚ್ಚಿ ಜೋಡಿಸಿದ ಮೆಕ್ಯಾನಿಕರು. ಯಂತ್ರದ ಚರಿತ್ರೆಯನ್ನು ಹೀಗೆ ಹೇಳಿದರೆ ಯುದ್ಧ ಸಿನಿಮಾದ ಹಾಡಾಗುವುದಿಲ್ಲ.

ಹವ್ಯಾಸದ ಇನ್ನೊಂದು ಕುರುಡು, ನಮ್ಮದೇ ಗಾಡಿಗಳ ಬಗೆಗಿನ ತಾತ್ಸಾರ. ಅಮೆರಿಕದ ಜೀಪಿಗೆ ಲಕ್ಷಗಟ್ಟಲೆ ಸುರಿಯುವವರು ಶಕ್ತಿಮಾನ್ ಲಾರಿಯನ್ನು ತಿರುಗಿಯೂ ನೋಡುವುದಿಲ್ಲ. ಜರ್ಮನಿಯ ಮ್ಯಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ 1996ರವರೆಗೆ ಜಬಲ್ಪುರದಲ್ಲಿ ತಯಾರಾದ ಈ ಲಾರಿ 1965 ಮತ್ತು 1971ರ ಯುದ್ಧಗಳ ಬೆನ್ನೆಲುಬು. ಅಲ್ಲಿಯೇ ನಿಸಾನ್ ಪ್ಯಾಟ್ರೋಲ್ ಮಾದರಿಯಲ್ಲಿ 1969ರಿಂದ 1999ರವರೆಗೆ ತಯಾರಾದ ಜೋಂಗಾಗೆ ಸ್ವಲ್ಪ ಅದೃಷ್ಟವಿದೆ. 2019ರಲ್ಲಿ ಕ್ರಿಕೆಟಿಗ ಧೋನಿ ರಾಂಚಿಯಲ್ಲಿ ಅದನ್ನು ಓಡಿಸಿದ ಮೇಲೆ ಹುಡುಗರ ಕಣ್ಣಿಗೆ ಬಿತ್ತು. ಕಾನೂನೂ ಇದೇ ಪಕ್ಷಪಾತ ಮಾಡುತ್ತದೆ. ವಿಂಟೇಜ್ ನೋಂದಣಿ ಐವತ್ತು ವರ್ಷ ದಾಟಿದ ದ್ವಿಚಕ್ರ ವಾಹನ ಮತ್ತು ಖಾಸಗಿ ಕಾರುಗಳ ವರ್ಗಕ್ಕಷ್ಟೇ, ಲಾರಿಗೆ ಇಲ್ಲ. ವಯಸ್ಸಿನ ಲೆಕ್ಕ ಮೊದಲ ಮಾರಾಟದ ನಂತರದ ಮೊದಲ ನೋಂದಣಿಯಿಂದ. ಸೇನೆಯ ಗಾಡಿಗೆ ಆರ್‌ಸಿ ಬುಕ್ ಹುಟ್ಟುವುದೇ ಹರಾಜಾದ ಮೇಲೆ. ಹೊಸ ಗಾಡಿ ಖರೀದಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ಅಳತೆಯಲ್ಲಿ ಸೇನೆಯಲ್ಲಿ ದುಡಿದ ವರ್ಷಗಳು ಎಣಿಕೆಗೇ ಸಿಗುವುದಿಲ್ಲ. ಇಪ್ಪತ್ತು ಸಾವಿರ ರೂಪಾಯಿಯ ನೋಂದಣಿ ಶುಲ್ಕ ಕಟ್ಟಿದರೂ ಗಾಡಿಯನ್ನು ಓಡಿಸಬಹುದಾದದ್ದು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ, ನಿರ್ವಹಣೆಯಂಥ ಕೆಲಸಗಳಿಗೆ ಮಾತ್ರ. ಇಲ್ಲಿ 'ಸಂಶೋಧನೆ' ಎಂದು ನಿಯಮವೇ ಹೇಳಿರುವುದನ್ನು ಹವ್ಯಾಸಿಗಳು ಹಕ್ಕಿನಂತೆ ಬಳಸಿಕೊಳ್ಳಬೇಕಿತ್ತು.

ಎಲ್ಲ ಗಾಡಿಗಳನ್ನೂ ಮುಟ್ಟದೆ ಕೊಳೆಯಲು ಬಿಡಿ ಎಂದು ನಾನು ಹೇಳುತ್ತಿಲ್ಲ. ಬ್ರೇಕು ಹಿಡಿಯಲೇಬೇಕು, ತೂತು ಬಿದ್ದ ತಗಡು ಬದಲಾಗಲೇಬೇಕು. ತೀರ ಅಪರೂಪದ ಗಾಡಿಯೊಂದು ಕಾರ್ಖಾನೆಯ ರೂಪಕ್ಕೆ ಮರಳಿದರೆ ನಷ್ಟವೇನಿಲ್ಲ, ಹಾಗೆ ಮರಳಿಸುವಾಗ ಕಿತ್ತದ್ದೇನು ಎಂಬ ದಾಖಲೆ ಉಳಿದರೆ. ಇಳಿಸಿದ ಡೀಸೆಲ್ ಎಂಜಿನ್ನಿನ ಸಂಖ್ಯೆ, ಅದನ್ನು ಕೂರಿಸಿದ ಗ್ಯಾರೇಜು, ಆರ್‌ಸಿ ಬುಕ್ಕಿನಲ್ಲಿರುವ ಮಾಲೀಕರ ಸರಣಿ, ಬಣ್ಣದ ಪದರಗಳ ಚಿತ್ರ, ಇವಿಷ್ಟೂ ಗಾಡಿಯ ಜೊತೆಗಿರಬೇಕು. 1963ರಿಂದ ವಿಜಯಪುರದಲ್ಲಿ ಸೈನಿಕ ಶಾಲೆಯಿದೆ; ಸೇನೆಯ ಬಗ್ಗೆ ಆಸಕ್ತಿಯಿರುವ ಹುಡುಗರಿಗೆ ಇಲ್ಲಿ ಬರವಿಲ್ಲ. ಹಳೆಯ ಮಿಸ್ತ್ರಿಗಳ ಮಾತನ್ನು ಅವರು ಬರೆದಿಟ್ಟರೆ, ಅದು ಹೊರದೇಶದ ಯಾವ ಕೈಪಿಡಿಯಲ್ಲೂ ಸಿಗದ ಅಧ್ಯಾಯವಾದೀತು. ಬೋಲ್ಟಿನ ತಲೆಯ ಎಫ್ ಅಕ್ಷರಕ್ಕೆ ಕೊಟ್ಟಷ್ಟೇ ಗಮನವನ್ನು ಬಾಗೇವಾಡಿಯ ಬೆಸುಗೆಯ ಗುರುತಿಗೂ ಕೊಡುವ ದಿನ ಈ ಹವ್ಯಾಸ ಚರಿತ್ರೆಯ ಕೆಲಸವಾಗುತ್ತದೆ. ಅಲ್ಲಿಯವರೆಗೆ ಅದು ಚೆನ್ನಾಗಿ ಓದಿಕೊಂಡವರ ದುಬಾರಿ ಅಲಂಕಾರ.