ಉಳಿಸಿಕೊಂಡಾಗ ತಪ್ಪು, ಬಿಟ್ಟಾಗ ಸರಿ

2025ರ ಏಪ್ರಿಲ್ 2ರಂದು ಗುಜರಾತ್ ಟೈಟನ್ಸ್ ಅಂಗಿ ತೊಟ್ಟು ಚಿನ್ನಸ್ವಾಮಿಗೆ ಬಂದ ಮೊಹಮ್ಮದ್ ಸಿರಾಜ್, ತಾನು ಏಳು ವರ್ಷ ಆಡಿದ ಆರ್‌ಸಿಬಿ ವಿರುದ್ಧವೇ 19 ರನ್ನಿಗೆ 3 ವಿಕೆಟ್ ಕಿತ್ತರು. ಗುಜರಾತ್ 8 ವಿಕೆಟ್‌ಗಳಿಂದ ಗೆದ್ದಿತು. ಕೋಲಾರ, ಮಾಲೂರಿನ ನಮ್ಮಂಥ ಅಭಿಮಾನಿಗಳಿಗೆ ‘ಇವನನ್ನು ಯಾಕಪ್ಪಾ ಬಿಟ್ಟರು?’ ಎನ್ನಲು ಅಷ್ಟು ಸಾಕಾಗಿತ್ತು. ಜೂನ್ 3ರಂದು ಆರ್‌ಸಿಬಿಗೆ ಐಪಿಎಲ್ ಕಪ್ ಬಂದ ಮೇಲೆ ಅದೇ ನಿರ್ಧಾರಕ್ಕೆ ಹೊಗಳಿಕೆ ಬಂತು. ಎರಡೂ ಸಲ ನಾವು ಅಳೆದದ್ದು ಫಲಿತಾಂಶವನ್ನು, ನಿರ್ಧಾರವನ್ನಲ್ಲ. ಆಟಗಾರನನ್ನು ಕೊಡುವ ಅಥವಾ ಇಟ್ಟುಕೊಳ್ಳುವ ಹೊತ್ತಿನಲ್ಲಿ ಕೈಯಲ್ಲಿದ್ದ ಲೆಕ್ಕ ಏನು, ಬಿಟ್ಟ ಜಾಗಕ್ಕೆ ಯಾರು ಬಂದರು, ಎಷ್ಟಕ್ಕೆ ಬಂದರು? ತೀರ್ಪು ಇವುಗಳ ಮೇಲೆ ನಿಲ್ಲಬೇಕು.

ಹಾಗೆ ನೋಡಿದರೆ ಆರ್‌ಸಿಬಿ ಎಡವಿದ್ದು ಸಿರಾಜ್‌ರನ್ನು ಬಿಟ್ಟಾಗಲ್ಲ, ಉಳಿಸಿಕೊಂಡಾಗ. 2022ರ ದೊಡ್ಡ ಹರಾಜಿಗೆ ಮುಂಚೆ ತಂಡ ಕೊಹ್ಲಿ, ಮ್ಯಾಕ್ಸ್‌ವೆಲ್ ಜೊತೆ ಸಿರಾಜ್‌ರನ್ನು 7 ಕೋಟಿಗೆ ಉಳಿಸಿಕೊಂಡು ಯಜುವೇಂದ್ರ ಚಾಹಲ್‌ರನ್ನು ಕೈಬಿಟ್ಟಿತು. ಆಗ ಎದುರಿಗಿದ್ದ ಅಂಕಿಗಳು ಸ್ಪಷ್ಟವಾಗಿಯೇ ಇದ್ದವು. 2020ರಲ್ಲಿ ಚಾಹಲ್‌ಗೆ 21 ವಿಕೆಟ್, 2021ರಲ್ಲಿ 18. ಸಿರಾಜ್‌ಗೆ ಎರಡೂ ವರ್ಷ 11. ಬೌಂಡರಿ ಹತ್ತಿರವಿರುವ ಚಿನ್ನಸ್ವಾಮಿಯಲ್ಲಿ ಹೊಡೆತಕ್ಕೆ ಹೆದರದೆ ಚೆಂಡನ್ನು ಗಾಳಿಯಲ್ಲಿ ತೇಲಿಸುವ ಲೆಗ್‌ಸ್ಪಿನ್ನರ್ ಸಿಗುವುದೇ ಅಪರೂಪ. ಚಾಹಲ್‌ರನ್ನು ರಾಜಸ್ಥಾನ 6.5 ಕೋಟಿಗೆ ಒಯ್ದಿತು. ಆ ವರ್ಷವೇ ಅವರು 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ಧರಿಸಿದರು. ಸಿರಾಜ್‌ಗೆ ದಕ್ಕಿದ್ದು 9.

ಆರ್‌ಸಿಬಿ ಪರವಾಗಿ ಒಂದು ಮಾತು ಹೇಳಲೇಬೇಕು. ಚಾಹಲ್ ಜಾಗಕ್ಕೆ ತಂದ ಶ್ರೀಲಂಕಾದ ಸ್ಪಿನ್ನರ್ ಹಸರಂಗ 2022ರಲ್ಲಿ 26 ವಿಕೆಟ್ ತೆಗೆದರು. ಆದರೆ ಅವರಿಗೆ ಕೊಟ್ಟದ್ದು 10.75 ಕೋಟಿ, ಅದೂ ವಿದೇಶಿ ಆಟಗಾರನ ಒಂದು ಸ್ಥಾನ ತೆತ್ತು. 2023ರ ಕೊನೆಗೆ ಹಸರಂಗರನ್ನೂ ಬಿಟ್ಟರು. 2024ರಲ್ಲಿ ಚಾಹಲ್ ಐಪಿಎಲ್‌ನಲ್ಲಿ 200 ವಿಕೆಟ್ ಮುಟ್ಟಿದ ಮೊದಲ ಬೌಲರ್ ಆದಾಗ ತೊಟ್ಟಿದ್ದು ರಾಜಸ್ಥಾನದ ಅಂಗಿ.

ಇನ್ನು 2024ರ ನವೆಂಬರ್. ಮೂವರನ್ನಷ್ಟೇ ಉಳಿಸಿಕೊಂಡ ಆರ್‌ಸಿಬಿ 83 ಕೋಟಿ ಇಟ್ಟುಕೊಂಡು ಜೆಡ್ಡಾ ಹರಾಜಿಗೆ ಹೋಯಿತು. ಹಿಂದಿನ ಸೀಸನ್‌ನಲ್ಲಿ ಸಿರಾಜ್ 15 ವಿಕೆಟ್ ಪಡೆದಿದ್ದರೂ ಓವರಿಗೆ 9ಕ್ಕೂ ಹೆಚ್ಚು ರನ್ ಬಿಟ್ಟಿದ್ದರು. ಗುಜರಾತ್ ಕೂಗು 12.25 ಕೋಟಿಗೆ ಏರಿದಾಗ ಆರ್‌ಸಿಬಿ ಕೈಯಲ್ಲಿ ಹಳೆಯ ಆಟಗಾರನನ್ನು ಮರಳಿ ಪಡೆಯಬಲ್ಲ ಆರ್‌ಟಿಎಂ (ರೈಟ್ ಟು ಮ್ಯಾಚ್) ಕಾರ್ಡ್ ಇತ್ತು, ಬಳಸಲಿಲ್ಲ. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿದ್ದು ಹಣ್ಣು ದಿಢೀರನೆ ರುಚಿಯಾದದ್ದರಿಂದಲ್ಲ, ಮಾಲು ಕಡಿಮೆ ಬಂದದ್ದರಿಂದ. ಭಾರತೀಯ ವೇಗಿಗಳ ಬೆಲೆಯೂ ಹಾಗೆಯೇ ಏರುತ್ತದೆ. ಆ ಬಿಸಿಯಲ್ಲಿ ಕೈ ಹಿಡಿದುಕೊಂಡದ್ದೇ ಜಾಣತನ.

‘ಸಿರಾಜ್ ಇದ್ದಿದ್ದರೆ ವಿದೇಶಿ ಸ್ಥಾನ ಉಳಿಯುತ್ತಿತ್ತು’ ಎಂಬುದು ಎದುರು ವಾದಗಳಲ್ಲೆಲ್ಲ ಗಟ್ಟಿಯಾದದ್ದು. ಆಸ್ಟ್ರೇಲಿಯಾದ ವೇಗಿ ಹೇಜಲ್‌ವುಡ್‌ಗೆ 12.50 ಕೋಟಿ ಕೊಟ್ಟದ್ದನ್ನು ಮಾತ್ರ ನೋಡಿದರೆ ಅದು ಸರಿಯೆನಿಸುತ್ತದೆ. ಆದರೆ ಸಿರಾಜ್ ಜಾಗಕ್ಕೆ ನಿಜವಾಗಿ ಬಂದವರು ಭುವನೇಶ್ವರ್ ಕುಮಾರ್: ಭಾರತೀಯ, ಹೊಸ ಚೆಂಡನ್ನೂ ಕೊನೆಯ ಓವರ್‌ಗಳನ್ನೂ ಬಲ್ಲವರು, 10.75 ಕೋಟಿಗೆ ಸಿಕ್ಕವರು. 2025ರಲ್ಲಿ ಹೇಜಲ್‌ವುಡ್ 22, ಭುವನೇಶ್ವರ್ 17 ವಿಕೆಟ್ ಪಡೆದರು. ಗುಜರಾತ್‌ನಲ್ಲಿ ಸಿರಾಜ್‌ಗೆ 16. ಅವರು ಕೆಟ್ಟದಾಗಿ ಆಡಲಿಲ್ಲ. ಆರ್‌ಸಿಬಿ ಮಾತ್ರ ಅವರ ಬೆಲೆಗಿಂತ ಕಡಿಮೆ ದುಡ್ಡಿಗೆ ಹೆಚ್ಚು ಹೊಂದುವ ಬೌಲರನ್ನು ತಂದಿತ್ತು. ಲೀಗ್ ಹಂತದಲ್ಲಿ ಹೊರಗಿನ ಏಳೂ ಪಂದ್ಯ ಗೆದ್ದ ತಂಡ ಅದು.

ಆದರೂ ಆಟಗಾರನನ್ನು ಹೀಗೆ ಕೈಬಿಡುವ ರಿಲೀಸ್ ಎಂಬ ಪದ್ಧತಿಯ ಬಗ್ಗೆ ನನಗೆ ತಕರಾರಿದೆ. ಒಂದು ತಂಡ ಇನ್ನೊಂದಕ್ಕೆ ಆಟಗಾರನನ್ನು ನೇರವಾಗಿ ಕೊಡುವ ಟ್ರೇಡ್ ಎಂದರೆ ಅವನನ್ನು ಮಾರಿದಂತೆ ಎಂದು ನಮ್ಮಲ್ಲಿ ಸಿಟ್ಟು. ಆದರೆ ಐಪಿಎಲ್ ಟ್ರೇಡ್‌ಗೆ ಆಟಗಾರನ ಒಪ್ಪಿಗೆ ಬೇಕು. ರಿಲೀಸ್ ಮಾಡಲು ಯಾರ ಒಪ್ಪಿಗೆಯೂ ಬೇಡ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಕರ್ಟ್ ಫ್ಲಡ್ 1969ರಲ್ಲಿ ತನ್ನನ್ನು ಬೇರೆ ತಂಡಕ್ಕೆ ಸಾಗಿಸಿದ್ದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿ ಸೋತರು. ಇಂದು ಅಲ್ಲಿ ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವನು ಟ್ರೇಡ್‌ಗೆ ‘ಆಗಲ್ಲ’ ಎನ್ನಬಹುದು. ಟ್ರೇಡ್‌ನಿಂದ ನಮ್ಮ ತಂಡಕ್ಕೂ ಲಾಭವಾಗಿದೆ. 2021ರಲ್ಲಿ ಡೆಲ್ಲಿಯಿಂದ ಹಾಗೆ ಬಂದ ಹರ್ಷಲ್ ಪಟೇಲ್ ಆ ಒಂದೇ ಸೀಸನ್‌ನಲ್ಲಿ 32 ವಿಕೆಟ್ ತೆಗೆದು ಬ್ರಾವೊ ದಾಖಲೆ ಸರಿಗಟ್ಟಿದರು. ರಿಲೀಸ್‌ನಿಂದ ಬರುವುದು ಪರ್ಸಿನಲ್ಲಿ ಒಂದಿಷ್ಟು ಜಾಗ ಅಷ್ಟೆ. ಆ ಜಾಗ ತುಂಬುವುದು ಹರಾಜಿನ ಹಣೆಬರಹ.

ಸಿರಾಜ್ ಮೇಲಿನ ಮಮತೆ ಸುಳ್ಳಲ್ಲ. ಆದರೆ 2022ರ ಹರಾಜಿಗೆ ಮುಂಚೆ ಚಾಹಲ್‌ಗಿಂತ ಅವರನ್ನು ಮೇಲಿಟ್ಟ ಲೆಕ್ಕವನ್ನು ಪ್ರಶ್ನಿಸದೆ, 2024ರಲ್ಲಿ ಬಿಟ್ಟದ್ದಕ್ಕೆ ಮಾತ್ರ ಸಿಟ್ಟಾಗುವ ಅಭಿಮಾನ ಅರ್ಧದ್ದು. ಮುಂದಿನ ಪಟ್ಟಿ ಬಂದಾಗ ಬಿಟ್ಟವರ ಹೆಸರನ್ನು ಓದುವ ಮುನ್ನ ಉಳಿಸಿಕೊಂಡವರ ಹೆಸರನ್ನು ಓದೋಣ. ದುಬಾರಿ ತಪ್ಪುಗಳು ಹೆಚ್ಚಾಗಿ ಅಡಗಿರುವುದು ಅಲ್ಲೇ.